ಎಲ್ಲ ಹಿಮಕ್ಕೂ ಒಂದೇ ಜೋಡಿ

ಶ್ರಾವ್ಯ ಇಳಿದು ಬಂದಳು! ಬೀಳಲಿಲ್ಲ, ಅಳಲಿಲ್ಲ, ಯಾರ ಕೈಯನ್ನೂ ಹಿಡಿಯಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಹಿಮದ ಮೇಲೆ ಜಾರಿಕೊಂಡು ಬಂದು ನನ್ನೆದುರೇ ನಿಂತಳು. ಇದನ್ನು ಮೊದಲು ಹೇಳದಿದ್ದರೆ ಮುಂದಿನದೊಂದೂ ನನ್ನ ಕೈಯಿಂದ ಸರಿಯಾಗಿ ಬರದು. ನಾಲ್ಕನೇ ಕ್ಲಾಸು ಓದಿದವಳು ನಾನು. ಸಂತೋಷವನ್ನು ಮುಚ್ಚಿಟ್ಟು ಕೊನೆಗೆ ಬಡಿಸುವ ಜಾಣತನ ನನಗೆ ಯಾರೂ ಕಲಿಸಿಲ್ಲ.

ಶ್ರಾವ್ಯ ನನ್ನ ಮೊಮ್ಮಗಳು, ಹನ್ನೆರಡು ವರ್ಷದವಳು. ಅವಳಪ್ಪ ಸತೀಶ ರಿಯಾದಿನಲ್ಲಿ ಏಸಿ ರಿಪೇರಿಯ ಮೇಲ್ವಿಚಾರಕ. ಅಲ್ಲಿಯ ಮಲಾಜ್ ಬಡಾವಣೆಯಲ್ಲಿ ಅವರ ಮನೆ. ಮಲ್ಪೆಯಿಂದ ನಾನು ಕೆಲವು ತಿಂಗಳಿಗೆಂದು ಬಂದವಳು. ಇಲ್ಲಿಯ ಒಂದು ಮಾಲಿನೊಳಗೆ ದೊಡ್ಡ ಇಳಿಜಾರು ಕಟ್ಟಿ ಹಿಮ ಹಾಸಿದ್ದಾರೆ. ಹೊರಗೆ ಮರಳು, ಒಳಗೆ ಹಿಮ. ನಮ್ಮ ಬಂದರಿನಲ್ಲಿ ಕೆಡಬಾರದೆಂದು ಮೀನನ್ನು ಐಸಿನಲ್ಲಿಡುತ್ತಾರೆ; ಇಲ್ಲಿ ಮಕ್ಕಳನ್ನು ಇಡುತ್ತಾರೆ.

ಹೋದ ವರ್ಷ ಆ ಇಳಿಜಾರಿನಲ್ಲೇ ಬಿದ್ದು ಮಗು ಎಡಗೈ ಮುರಿದುಕೊಂಡಿದ್ದಳು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಆಮೇಲೆ ಹೋದಾಗಲೆಲ್ಲ ಮೇಲಿನವರೆಗೆ ಏರುವುದು, ಕೆಳಗೆ ನೋಡುವುದು, ಪಕ್ಕದ ಮೆಟ್ಟಿಲಿನಲ್ಲಿ ನಡೆದು ಇಳಿಯುವುದು. ಈಗ ಶಾಲೆಯ ರಜೆಗೆ ಎಲ್ಲರನ್ನೂ ಜಾರ್ಜಿಯಾ ದೇಶದ ಬೆಟ್ಟಗಳಿಗೆ ಕರೆದೊಯ್ಯುವುದೆಂದು ಸತೀಶ ನಿಶ್ಚಯಿಸಿದ್ದ. ಸೊಸೆ ವಿದ್ಯಾ ಮಾತ್ರ ಖಂಡಿತವಾಗಿ ಹೇಳಿದಳು: "ಇಲ್ಲಿ ಒಮ್ಮೆ ಹೆದರದೆ ಇಳಿದು ತೋರಿಸ್ಲಿ, ಮತ್ತೆ ನೋಡುವ. ಇಲ್ಲದಿದ್ರೆ ಅಲ್ಲಿ ಹೋಗಿ ಹಿಮದ ಗೊಂಬೆ ಮಾಡಿ ಬಂದ್ರೆ ಸಾಕು." ಮಗು ಎದುರಾಡಲಿಲ್ಲ. ಅಮ್ಮ ಬೇಡವೆಂದಾಳು ಎಂಬುದಕ್ಕಿಂತ, ತನ್ನ ಕಾಲೇ ಬೇಡವೆಂದೀತು ಎಂಬ ಭಯ ಅವಳಿಗೆ. ಅದು ನನಗೆ ಗೊತ್ತಿತ್ತು.

ಅಷ್ಟರಲ್ಲಿ ಸತೀಶನ ಕಚೇರಿಯ ಲೆಬನಾನಿನವರೊಬ್ಬರು, ತಮ್ಮ ಮಗಳಿಗೆ ಈಗ ಗಿಡ್ಡವಾದ ಸ್ಕೀ ಜೋಡಿಯೊಂದನ್ನು ಒಂದು ದಿನದ ಮಟ್ಟಿಗೆ ಕೊಟ್ಟರು. ಬಳಸಿ ನೋಡಿ, ಸರಿಯೆನಿಸಿದರೆ ಇಟ್ಟುಕೊಳ್ಳಿ ಎಂದರಂತೆ. ಸ್ಕೀ ಎಂದರೆ ಕಾಲಿಗೆ ಕಟ್ಟುವ ಉದ್ದದ ಪಟ್ಟಿ, ತುದಿ ಮೇಲಕ್ಕೆ ಬಾಗಿರುತ್ತದೆ. ಅದರಲ್ಲೂ ಜಾತಿಗಳಿವೆ. ಗಟ್ಟಿ ಹಿಮಕ್ಕೆ ಸಪೂರದ್ದು, ಹೂವಿನಂಥ ಹೊಸ ಹಿಮಕ್ಕೆ ಅಗಲದ್ದು. ಇದು ನಡುವಿನದು, ಎಲ್ಲ ಬಗೆಯ ಹಿಮಕ್ಕೂ ಆಗುವಂಥದ್ದು. ಬೆಟ್ಟದಲ್ಲಿ ಬೆಳಿಗ್ಗೆ ಕಲ್ಲಿನಂತಿದ್ದ ಹಿಮ ಮಧ್ಯಾಹ್ನ ಗಂಜಿಯಾಗುತ್ತದಂತೆ. ಹೊತ್ತಿಗೊಂದು ಜೋಡಿ ಬದಲಾಯಿಸುತ್ತ ಕೂರಲಿಕ್ಕಾಗುತ್ತದೆಯೇ?

ಎಲ್ಲದಕ್ಕೂ ಆಗುವ ವಸ್ತುವಿನ ಮೇಲೆ ನನಗೆ ಮೊದಲಿನಿಂದಲೂ ಪ್ರೀತಿ, ಜೊತೆಗೆ ಸ್ವಲ್ಪ ಅನುಮಾನ. ಅಪ್ಪನ ದೋಣಿ ಅಂಥದ್ದು. ಹೊಳೆಯಲ್ಲಿ ತಳ ತಾಗದಷ್ಟು ಚಪ್ಪಟೆ, ಹೊಳೆ ಕಡಲು ಸೇರುವ ಅಳಿವೆ ದಾಟುವಾಗ ತೆರೆ ಸೀಳುವಷ್ಟು ಚೂಪು. ಹೊಳೆಯವರು ಅದನ್ನು ಕಡಲಿನ ದೋಣಿ ಎನ್ನುತ್ತಿದ್ದರು, ಕಡಲಿನವರು ಹೊಳೆಯ ದೋಣಿ ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಇಬ್ಬರ ಮಾತನ್ನೂ ಕೇಳಿಸಿಕೊಂಡು ಮೀನು ತಿನ್ನುತ್ತಿದ್ದೆವು. ಅಡುಗೆಮನೆಯ ದೊಡ್ಡ ಚೂರಿ, ಹೆಗಲ ಮೇಲಿನ ಬೈರಾಸು ಟವೆಲು, ಮದುವೆಮನೆಯಲ್ಲಿ ಎಲ್ಲರೂ ಕರೆಯುವ ಆ ಒಬ್ಬಳು ಚಿಕ್ಕಮ್ಮ, ಇವೆಲ್ಲ ಅದೇ ಜಾತಿ. ಒಂದೊಂದು ಕೆಲಸಕ್ಕೆ ಇವರಿಗಿಂತ ಮೇಲಿನವರು ಸಿಗಬಹುದು. ಬೆಳಿಗ್ಗೆಯಿಂದ ಸಂಜೆಯವರೆಗೆ ಜೊತೆಗಿರುವವರು ಇವರೇ.

ಹಾಗಾಗಿ ಸ್ಕೀ ಮನೆಗೆ ಬಂದದ್ದೇ ನಾನು ಪರೀಕ್ಷೆಗೆ ಕೂತೆ. ಬಂಗುಡೆ ಮೀನು ಆರಿಸುವ ಹಾಗೆ ಬೆರಳಿನಿಂದ ಒತ್ತಿದೆ, ಬಗ್ಗಿಸಿದೆ, ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟೆ. "ಅಮ್ಮ, ಅದರ ಕಿವಿರು ಆಚೆ ಬದಿಯಲ್ಲುಂಟು" ಎಂದ ಸತೀಶ. ನಗಲಿ. ನಾನು ಅಷ್ಟಕ್ಕೇ ನಿಲ್ಲಿಸಬೇಕಿತ್ತು.

ದೋಣಿಯ ಮೈಗೆ ಅಪ್ಪ ಬೂತಾಯಿ ಮೀನಿನ ಎಣ್ಣೆ ಹಚ್ಚುತ್ತಿದ್ದರು. ಆ ದಿನ ದೋಣಿ ಮರಳಿನಲ್ಲಿ ಸುಲಭವಾಗಿ ಜಾರುತ್ತಿತ್ತು. ರಿಯಾದಿನಲ್ಲಿ ಬೂತಾಯಿ ಎಣ್ಣೆ ಎಲ್ಲಿಂದ ತರುವುದು? ಊರಿನಿಂದ ತಂದ ತೆಂಗಿನೆಣ್ಣೆ ಇತ್ತು. ಶನಿವಾರ ಬೆಳಿಗ್ಗೆ ಎಲ್ಲರೂ ಹೊರಡುವ ಗಡಿಬಿಡಿಯಲ್ಲಿರುವಾಗ ಎರಡು ಸ್ಕೀಗಳ ಅಡಿಗೂ ಧಾರಾಳವಾಗಿ ತಿಕ್ಕಿದೆ. ಮಗುವಿನ ತಲೆಗೆ ಹಚ್ಚುವಷ್ಟೇ ಪ್ರೀತಿಯಿಂದ.

ತೆಂಗಿನೆಣ್ಣೆ ಚಳಿಗೆ ಏನಾಗುತ್ತದೆಂದು ಕರಾವಳಿಯವಳಿಗೆ ಯಾರಾದರೂ ಹೇಳಿಕೊಡಬೇಕೇ? ಡಿಸೆಂಬರಿನಲ್ಲಿ ಬಾಟಲಿಯನ್ನು ಬಿಸಿಲಿಗಿಟ್ಟೇ ನನ್ನ ತಲೆ ನರೆತಿದೆ. ಆದರೂ ಹೊಳೆಯಲಿಲ್ಲ. ಹಿಮದ ಮನೆಯೊಳಗೆ ಅವರು ಕೊಟ್ಟ ದಪ್ಪ ಕೋಟಿನಲ್ಲಿ ನಾನು ಮೂಟೆಯಂತೆ ನಿಂತು ನೋಡುತ್ತಿದ್ದೆ. ಶ್ರಾವ್ಯ ತುಂಬ ಹೊತ್ತು ಮೇಲೆಯೇ ನಿಂತಳು. ಕೊನೆಗೂ ಹೊರಟಳು. ನಾಲ್ಕು ಮಾರು ಬಂದದ್ದೇ, ಕಾಲಿಗೆ ಗಮ್ಮು ಮೆತ್ತಿದವಳ ಹಾಗೆ ನಿಂತುಬಿಟ್ಟಳು. ತಳ್ಳಿದಳು, ಅಲುಗಲಿಲ್ಲ. ಸ್ಕೀ ಕಳಚಿ ಮೆಟ್ಟಿಲಿನಲ್ಲಿ ಇಳಿದು ಬಂದಳು. ಮುಖ ಸಣ್ಣದಾಗಿತ್ತು.

"ನನ್ನಿಂದ ಆಗುದಿಲ್ಲ ಅಪ್ಪ. ಕಾಲು ಹೋಗುದೇ ಇಲ್ಲ."

ಅಲ್ಲಿಯ ಸ್ಕೀಗಳನ್ನು ನೋಡಿಕೊಳ್ಳುವ ಫಿಲಿಪೀನ್ಸಿನ ಹೆಂಗಸು ಒಂದನ್ನು ಮಗುಚಿ ನೋಡಿದಳು. ಅಡಿಯಲ್ಲಿ ಬೆಳ್ಳಗೆ, ಹೆಪ್ಪುಗಟ್ಟಿದ ತುಪ್ಪದಂತೆ ಪದರ. ಅವಳು ಮೂಸಿದಳು. ವಿದ್ಯಾ ಮೂಸಿದಳು. ಆಮೇಲೆ ಎಲ್ಲರೂ ನನ್ನನ್ನು ನೋಡಿದರು.

"ಅತ್ತೆ, ಇದೆಂತ ಮಾಡಿದ್ದು ನೀವು?"

"ಜಾರ್ಲಿ ಅಂತ..." ಎಂದೆ.

ಶ್ರಾವ್ಯ ಸ್ಕೀಯ ಅಡಿಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಅಜ್ಜಿ, ಹಾಗಾದ್ರೆ ನಿಂತದ್ದು ನಾನಲ್ಲ! ಎಣ್ಣೆ!"

ನೋಡಿ, ನನ್ನ ಪೆದ್ದುತನದಿಂದ ಆದ ಒಂದೇ ಉಪಕಾರ ಅದು. ವರ್ಷದಿಂದ ತನ್ನ ಕಾಲನ್ನು ಬೈಯುತ್ತಿದ್ದವಳಿಗೆ ಬೈಯಲು ಬೇರೊಂದು ಸಿಕ್ಕಿತು. ಆ ಹೆಂಗಸು ಎಣ್ಣೆಯನ್ನು ಕೆರೆದು, ಒರೆಸಿ, ಸರಿಯಾದ ಮೇಣ ಹಚ್ಚಿ ಕೊಟ್ಟಳು. ನನ್ನ ಕಡೆ ತಿರುಗಿ ಬೆರಳಾಡಿಸಿ "ನೋ ಕುಕಿಂಗ್, ಮದರ್" ಎಂದಳು.

ಎರಡನೆಯ ಸಲ ಶ್ರಾವ್ಯ ಮೇಲೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಮೇಲಿನ ಭಾಗ ಕನ್ನಡಿಯಂತೆ ಗಟ್ಟಿ. ಅಲ್ಲಿ ಸ್ಕೀಯ ತುದಿ ನಡುಗಿತು. ವಿದ್ಯಾ ನನ್ನ ಕೋಟಿನ ತೋಳನ್ನು ಹಿಂಡುತ್ತಿದ್ದಳು. ನಡುವಿನ ಉಬ್ಬುತಗ್ಗುಗಳಲ್ಲಿ ಮಗು ಒಮ್ಮೆ ಎಡಕ್ಕೆ ವಾಲಿದಳು, ಅದೇ ಮುರಿದ ಕೈಯ ಬದಿಗೆ. ವಿದ್ಯಾ ಕಣ್ಣು ಮುಚ್ಚಿದಳು. ನಾನು ಮುಚ್ಚಲಿಲ್ಲ. ಮಗು ಮೊಣಕಾಲು ಬಗ್ಗಿಸಿ, ಸಾವರಿಸಿ, ಕೆಳಗಿನ ಗಂಜಿಯಂಥ ಹಿಮದಲ್ಲಿ ಹೂತುಹೋಗದೆ ತೇಲಿ ಬಂದಳು.

ಸತೀಶನಿಗೆ ವರದಿ ಬೇಕಿತ್ತು. ಅವಳು ಏದುಸಿರಿನಲ್ಲೇ ಕೊಟ್ಟಳು: "ಗಟ್ಟಿ ಜಾಗದಲ್ಲಿ ತುದಿ ಗಡಗಡ ಅಂತದೆ, ಆದ್ರೆ ಕಾಲಿನಡಿ ಹಿಡಿತದೆ. ಮೆಲ್ಲ ಹೋದ್ರೆ ತಿರುಗಿಸ್ಲಿಕ್ಕೆ ಸ್ವಲ್ಪ ಭಾರ. ಮೆತ್ತಗಿರುವಲ್ಲಿ ಭಾರೀ ಲಾಯ್ಕ. ಇನ್ನೊಮ್ಮೆ ಹೋಗ್ಲಾ?"

ಯಾವುದರಲ್ಲೂ ಮೊದಲನೆಯದಲ್ಲ, ಎಲ್ಲೂ ಕೈಬಿಡುವುದಿಲ್ಲ. ಸ್ಕೀಗೆ ಇಷ್ಟು ಗುಣ ಸಾಕು ಎಂದು ನಾನು ತೀರ್ಪು ಕೊಟ್ಟೆ. ಯಾರೂ ಕೇಳಿರಲಿಲ್ಲ.

ಸಂಜೆ ನೆಲದ ಮೇಲೆ ಚಾಪೆ ಹಾಸಿ ನಾಲ್ವರೂ ಊಟಕ್ಕೆ ಕೂತೆವು. ಕುಚ್ಚಲಕ್ಕಿ ಅನ್ನ, ಹಮೂರ್ ಮೀನಿನ ಗಸಿ. ಸ್ಕೀ ಇಟ್ಟುಕೊಳ್ಳುವುದೋ ಬಿಡುವುದೋ ಇನ್ನೂ ತೀರ್ಮಾನವಾಗಿರಲಿಲ್ಲ. ಸತೀಶ ಹೆಂಡತಿಯ ಮುಖ ನೋಡುತ್ತಿದ್ದ, ಮಗು ತಟ್ಟೆ ನೋಡುತ್ತಿದ್ದಳು. ವಿದ್ಯಾಳ ಹೆದರಿಕೆ ಹೋಗಿರಲಿಲ್ಲ. ಮಗಳ ಎಡಗೈಯನ್ನು ಒಮ್ಮೆ ಸವರಿ ನೋಡಿದಳು. ಅವಳು ಮೀನಿನ ದೊಡ್ಡ ತುಂಡನ್ನು ಆರಿಸಿ ಮಗಳ ತಟ್ಟೆಗೆ ಹಾಕಿದಳು.

"ಸರಿಯಾಗಿ ತಿನ್ನು. ಬೆಟ್ಟದಲ್ಲಿ ಇಡೀ ದಿನ ಇಳಿಲಿಕ್ಕುಂಟು ನಿಂಗೆ."

ಮಗು ಅಮ್ಮನ ಹೆಗಲಿಗೆ ತಲೆ ಆನಿಸಿ ತಿನ್ನತೊಡಗಿದಳು. ಭಯವನ್ನು ಓಡಿಸಿದ ಮೇಲೆಯೇ ಹೂಂ ಎನ್ನುತ್ತೇನೆ ಎಂದಿದ್ದರೆ ಯಾವ ತಾಯಿಯೂ ಇಂದಿನವರೆಗೆ ಹೂಂ ಎನ್ನುತ್ತಿರಲಿಲ್ಲ. ಭಯ ಪಕ್ಕದಲ್ಲೇ ಕೂತಿರುವಾಗ ಬಡಿಸುವುದು, ಅಷ್ಟೇ. ನಾನು ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡೆ.