ಕುಂಕುಮ ಅಂಟಿದ ರಬ್ಬರ್

ಮಕ್ಕಳ ಪರಿಮಳದ ರಬ್ಬರಿಗೆ ಒಂದು ವಾಸನೆಯುಂಟು. ಅದು ಮಾಗಿದ ಬಾಳೆಹಣ್ಣಿನದೋ ಅಗ್ಗದ ಪೌಡರಿನದೋ ಹೇಳಲಾಗದು. ಮೊನ್ನೆ ಮಣಿಪಾಲದ ನಮ್ಮ ಮಹಿಳಾ ಸಂಘದ ಕೋಣೆಯಲ್ಲಿ ಕಂಪ್ಯೂಟರಿನ ಪರದೆ ಇದ್ದಕ್ಕಿದ್ದಂತೆ ಕಪ್ಪಾಯಿತು. ಕಾರ್ಯಕರ್ತೆಯೊಬ್ಬಳು ಕೆಲಸ ಬೇಗ ಮುಗಿಯಲೆಂದು ಪ್ರೊಸೆಸರಿನ ವೇಗವನ್ನು ಹೆಚ್ಚಿಸಿದ್ದಳಂತೆ. ನಾನು ಡಬ್ಬಿಯನ್ನು ಬಿಚ್ಚಿ, ನಾಣ್ಯದಂಥ ಪುಟ್ಟ ಬ್ಯಾಟರಿಯನ್ನು ಹೊರಗಿಟ್ಟು, ಮೆಮೊರಿ ಪಟ್ಟಿಯ ಅಂಚನ್ನು ರಬ್ಬರಿನಿಂದ ಉಜ್ಜತೊಡಗಿದೆ. ಆ ವಾಸನೆ ಮೂಗಿಗೆ ತಾಗಿದ್ದೇ ಕೈ ನಿಂತುಬಿಟ್ಟಿತು. ಈ ಕೆಲಸವನ್ನು ನನಗೆ ತೋರಿಸಿಕೊಟ್ಟವರು ಕಾಪುವಿನ ಶಾಲೆಯ ಕಂಪ್ಯೂಟರ್ ಟೀಚರ್...

ಆಗ ನಾನು ಆ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಅವರು ‘ಗೌರವ ಶಿಕ್ಷಕಿ’. ಆ ಹೆಸರಿನಲ್ಲಿ ನಡೆಯುತ್ತಿದ್ದುದು ಏನೆಂದು ಸ್ಪಷ್ಟವಾಗಿ ಹೇಳಬೇಕು: ನೇಮಕಾತಿ ಆದೇಶವಿರಲಿಲ್ಲ, ಬೇಸಿಗೆ ರಜೆಗೆ ಸಂಬಳವಿರಲಿಲ್ಲ, ಕಾಯಿಲೆಯ ರಜೆ ಎಂಬುದೇ ಇರಲಿಲ್ಲ. ನನ್ನನ್ನು ಯಾರೂ ಜಾತಿ ಹಿಡಿದು ಕರೆದವರಲ್ಲ. ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಮನೆಯಿಂದ ಬಂದ ಅವರನ್ನು ಮಾತ್ರ ಸ್ಟಾಫ್ ರೂಮಿನಲ್ಲಿ ‘ಬ್ಯಾರಿ ಟೀಚರ್’ ಎನ್ನುತ್ತಿದ್ದರು. ಹಾಗೆನ್ನುವವರಿಗೆ ಅದರಲ್ಲಿ ತಪ್ಪೇ ಕಾಣುತ್ತಿರಲಿಲ್ಲ; ಅದು ಇನ್ನೊಂದು ತಪ್ಪು.

ಶಾಲೆಯಲ್ಲಿ ನಡೆಯುತ್ತಿದ್ದ ಕಂಪ್ಯೂಟರ್ ಒಂದೇ. ಪಾಠ ತೆರೆದುಕೊಳ್ಳುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು. ಹೊಸದನ್ನು ಕೇಳಿದಾಗಲೆಲ್ಲ ಶಾಲೆಯ ಆಡಳಿತ ನೋಡಿಕೊಳ್ಳುತ್ತಿದ್ದ ಸಂಚಾಲಕರು “ಇದ್ದುದರಲ್ಲಿ ಸುಧಾರಿಸಿ” ಎನ್ನುತ್ತಿದ್ದರು. ಟೀಚರ್ ಸುಧಾರಿಸಿದರು. ಒಂದು ದಿನ ಸೆಟ್ಟಿಂಗ್‌ಗೆ ಹೋಗಿ ಪ್ರೊಸೆಸರಿನ ವೇಗವನ್ನು ತುಸು ಏರಿಸಿದರು. ಪಾಠ ಸರಕ್ಕನೆ ತೆರೆದುಕೊಂಡಿತು. ಹಿಂದಿನ ಸಾಲಿನ ಹುಡುಗಿಯರು ಚಪ್ಪಾಳೆ ತಟ್ಟಿದರು. ಆದರೆ ಯಂತ್ರ ಬಿಸಿಯಾಗತೊಡಗಿತು. ಗಾಳಿಯಾಡಲೆಂದು ಅದರ ಬದಿಯ ಮುಚ್ಚಳವನ್ನು ತೆಗೆದಿಟ್ಟರು.

ದಸರಾ ರಜೆ ಕಳೆದು ಶಾಲೆ ತೆರೆದಾಗ ಫ್ಯಾನು ತಿರುಗುತ್ತಿತ್ತು, ಪರದೆಯಲ್ಲಿ ಏನೂ ಇರಲಿಲ್ಲ. ಸಂಚಾಲಕರು ಬಂದರು.

“ಸ್ಪೀಡು ಜಾಸ್ತಿ ಮಾಡಿದ್ದು ಯಾರು?”

“ನಾನೇ ಸರ್.”

“ಇದೆಂತ, ಬೈಕು ಅಂತ ಮಾಡಿದ್ದೀರಾ? ಸಂಜೆಯೊಳಗೆ ಸರಿಯಾಗದಿದ್ದರೆ ನಾಳೆಯಿಂದ ಬರುವುದು ಬೇಡ.”

ಟೀಚರ್ ನನ್ನ ಕೈಗೆ ಟಾರ್ಚು ಕೊಟ್ಟರು. ಪ್ಲಗ್ ಕಿತ್ತು, ಡಬ್ಬಿಯೊಳಗಿನ ಬ್ಯಾಟರಿಯನ್ನು ಉಗುರಿನಿಂದ ಎಬ್ಬಿಸಿದರು. “ಇದನ್ನು ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ನಾನು ಮಾಡಿದ್ದೆಲ್ಲ ಅದಕ್ಕೆ ಮರೆತುಹೋಗ್ತದೆ ಅಕ್ಕ. ಹುಟ್ಟಿದಾಗ ಇದ್ದ ವೇಗಕ್ಕೇ ವಾಪಸ್ ಹೋಗ್ತದೆ. ನಮ್ಮ ಸಂಚಾಲಕರಿಗೂ ಇಂಥದ್ದೊಂದು ಇದ್ದಿದ್ದರೆ ಎಷ್ಟು ಒಳ್ಳೇದಿತ್ತು, ಅಲ್ವಾ?” ಎಂದು ನಕ್ಕರು.

ಬ್ಯಾಟರಿಯನ್ನು ಮರಳಿ ಹಾಕಿದರೂ ಪರದೆ ಕಪ್ಪಾಗಿಯೇ ಇತ್ತು. ಆಮೇಲೆ ಅವರು ಮೆಮೊರಿ ಪಟ್ಟಿಯನ್ನು ಎಳೆದು ಬೆಳಕಿಗೆ ಹಿಡಿದರು. ಅದರ ಚಿನ್ನದ ಬಣ್ಣದ ಅಂಚಿನಲ್ಲಿ ಕೆಂಪು ಕಲೆ ಒಣಗಿ ಅಂಟಿತ್ತು. ಮೇಜಿನ ಮೇಲೆ ಯಾವುದೋ ಮಗು ಬಿಟ್ಟುಹೋಗಿದ್ದ ಪರಿಮಳದ ರಬ್ಬರಿನಿಂದ ಮೆಲ್ಲಗೆ ಉಜ್ಜಿದರು. ರಬ್ಬರಿಗೆ ಕುಂಕುಮ ಹತ್ತಿತು.

ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ಬಿಳಿಚಿಕೊಂಡರು. ಬಾಗಲಕೋಟೆ ಕಡೆಯಿಂದ ಕೂಲಿಗೆಂದು ಬಂದು, ಶಾಲೆಯಲ್ಲಿ ದಿನಗೂಲಿಗೆ ನಿಂತವರು ಅವರು. ರಜೆಗೆ ಮುಂಚೆ ಆಯುಧ ಪೂಜೆಯ ಹೊಣೆ ಅವರದಾಗಿತ್ತು.

“ಟೀಚರ್ರ, ನಂದಽ ತಪ್ಪಾತ್ರಿ. ಮುಚ್ಚಳ ತಗದಿತ್ತಲ್ರೀ, ಒಳಗೂ ಪೂಜಿ ಆಗ್ಲಿ ಅಂತ ಹೂವಿನಾಗ ಕುಂಕುಮದ ನೀರು ಚಿಮುಕಿಸೀನ್ರಿ...”

“ನಿಮ್ಮ ಭಕ್ತಿಗೆ ಮೆಷಿನಿಗೆ ಶೀತ ಆಯ್ತು ಮಾರಾಯ್ರೆ!” ಎಂದರು ಟೀಚರ್. ಆ ಮನುಷ್ಯ ಅಳುವಂತೆ ನಕ್ಕರು. ಪಟ್ಟಿಯನ್ನು ಒತ್ತಿ ಕೂರಿಸಿದೊಡನೆ ಪರದೆ ಬೆಳಗಿತು.

ವೇಗ ಒಂದೇ ಕಾರಣವಲ್ಲವೆಂದು ಸಂಚಾಲಕರಿಗೆ ಹೇಳಿಯೇ ತೀರುತ್ತೇನೆಂದು ನಾನು ಎದ್ದೆ. ಟೀಚರ್ ನನ್ನ ಮುಂಗೈ ಹಿಡಿದರು.

“ಬೇಡ ಅಕ್ಕ. ನೀವು ಹೇಳಿದರೂ ನಾನೇ ಹೇಳಿಸಿದ್ದು ಅಂತಾರೆ. ಕಂಪ್ಯೂಟರ್ ಹಾಳಾದ ಮಾತು ಅಲ್ಲಿಗೇ ನಿಲ್ಲುವುದಿಲ್ಲ. ಬ್ಯಾರಿ ಟೀಚರ್ ಪೂಜೆಯನ್ನು ದೂರಿದಳು ಅಂತ ಪೇಟೆಯೆಲ್ಲ ಆಗ್ತದೆ. ಇವರ ಕೆಲಸವೂ ಹೋಗ್ತದೆ, ಮನೆಯಲ್ಲಿ ಮಕ್ಕಳುಂಟು. ಮುಚ್ಚಳ ತೆಗೆದದ್ದು ನಾನೇ ಅಲ್ವಾ?”

ನಾನು ಮಾತು ಕೊಟ್ಟೆ.

ಸಂಜೆ ಸಂಚಾಲಕರು ಬೆಳಗಿದ ಪರದೆಯನ್ನು ನೋಡಿ, “ಸರಿಯಾಯಿತಲ್ಲ, ಸಂತೋಷ. ಆದರೆ ಕೇಳದೆ ಕೈ ಹಾಕುವವರು ನಮಗೆ ಬೇಡ” ಎಂದರು. ಹೊಸ ಯಂತ್ರ ಕೊಡದವರು ಯಾರು, ಕೇಳಿದಾಗ ಕಿವಿಗೊಡದವರು ಯಾರು ಎಂದು ನಾನು ವಾದಿಸಿದೆ, ಪ್ರಯೋಜನವಾಗಲಿಲ್ಲ. ಆದೇಶವೇ ಇಲ್ಲದವರನ್ನು ಕಳುಹಿಸುವುದಕ್ಕೂ ಆದೇಶ ಬೇಕಾಗಿರಲಿಲ್ಲ. ಟೀಚರ್ ಬದಿಯ ಮುಚ್ಚಳಕ್ಕೆ ಸ್ಕ್ರೂ ಬಿಗಿದು, ಕಂಪ್ಯೂಟರಿಗೆ ಬಟ್ಟೆ ಹೊದೆಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟರು. ಬಸ್ ನಿಲ್ದಾಣದವರೆಗೆ ಜೊತೆಗೆ ನಡೆದೆ. ಏನು ಮಾತಾಡಿದೆವೋ... ನೆನಪಿಲ್ಲ.

ಆಮೇಲೆ ಕಾರ್ಕಳದ ಶಾಲೆಯೊಂದರಲ್ಲಿ ಅವರಿಗೆ ಮತ್ತೆ ಅದೇ ಗೌರವದ ಕೆಲಸ ಸಿಕ್ಕಿತು. ಎದೆಯಲ್ಲಿ ಗಂಟೊಂದು ಕಾಣಿಸಿಕೊಂಡಾಗ, ರಜೆ ಹಾಕಿದರೆ ಸಂಬಳವಿಲ್ಲ, ಹೆಚ್ಚು ಹಾಕಿದರೆ ಕೆಲಸವೇ ಇಲ್ಲ ಎಂದು ಆಸ್ಪತ್ರೆಯನ್ನು ಮುಂದೂಡುತ್ತಾ ಹೋದರಂತೆ. ನನಗೆ ತಿಳಿಯುವಾಗ ಎಲ್ಲ ಮುಗಿದಿತ್ತು. ಅವರನ್ನು ಕಾಯಿಲೆ ಕೊಂಡೊಯ್ದಿತೆಂದು ಜನ ಹೇಳುತ್ತಾರೆ. ಕಾಯಿಲೆಯೊಂದೇ ಅಲ್ಲವೆಂದು ನಾನು ಇಂದಿಗೂ ಸಭೆಗಳಲ್ಲಿ ಹೇಳುತ್ತಿದ್ದೇನೆ. ಆದರೆ ಆ ಕುಂಕುಮದ ವಿಷಯವನ್ನು ಯಾವ ವೇದಿಕೆಯಲ್ಲೂ ಎತ್ತಲಿಲ್ಲ. ಅಟೆಂಡರ್ ಊರಿಗೆ ಮರಳಿ ಎಷ್ಟೋ ವರ್ಷಗಳಾದವು. ಕಾಪಾಡಲು ಈಗ ಇಬ್ಬರೂ ಇಲ್ಲಿಲ್ಲವಾದ್ದರಿಂದ ಬರೆದಿದ್ದೇನೆ.

ಮೊನ್ನೆ ಮಣಿಪಾಲದಲ್ಲಿ, ಪಟ್ಟಿಯನ್ನೂ ಬ್ಯಾಟರಿಯನ್ನೂ ಮರಳಿ ಕೂರಿಸಿ ಗುಂಡಿ ಒತ್ತಿದಾಗ ನಮ್ಮ ಹಳೆಯ ಯಂತ್ರಕ್ಕೆ ಜೀವ ಬಂತು. ಹೆಚ್ಚಿಸಿದ ವೇಗವನ್ನು ಅದು ಮರೆತಿತ್ತು. ಜೊತೆಗೆ ದಿನವನ್ನೂ ಮರೆತಿತ್ತು. ಪರದೆಯ ಮೂಲೆಯಲ್ಲಿ ಅದು ತಯಾರಾದ ವರ್ಷವೇ ಮೂಡಿ, ಸರಿಯಾದ ದಿನಾಂಕ ಹಾಕುವಂತೆ ಕೇಳುತ್ತಿತ್ತು.

ಆ ವರ್ಷ ಟೀಚರ್ ಇದ್ದರು. ಕಾಪುವಿನ ಆ ಕೋಣೆಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪಾಠ ಹೇಳುತ್ತಿದ್ದರು.

“ಡೇಟ್ ಹಾಕಿ ಅಕ್ಕ, ಇಲ್ಲದಿದ್ದರೆ ಏನೂ ತೆರೆಯೋದಿಲ್ಲ” ಎಂದಳು ಹಿಂದೆ ನಿಂತಿದ್ದ ಕಾರ್ಯಕರ್ತೆ.

ಸ್ವಲ್ಪ ಹೊತ್ತು ಹಾಗೆಯೇ ಇರಲಿ ಎಂದೆ.