ಮುನಿಯಣ್ಣನ ಹಗ್ಗ ಹಿಡಿದವನು

ಅಟ್ಟೂರಿನ ಮುನಿಯಣ್ಣ ಬಾವಿ ತೋಡುವುದರಲ್ಲಿ ಹೆಸರು ಮಾಡಿದವನು. ನಾನು ಯಾವುದರಲ್ಲೂ ಹೆಸರು ಮಾಡದವನು. ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ, ಯಾರು ಎಷ್ಟು ತಡವಾಗಿ ಬಂದರೆಂದು ಬರೆದಿಡುವುದು ನನ್ನ ಕೆಲಸ. ಅದಕ್ಕೂ ತಡವಾಗಿಯೇ ಹೋಗುತ್ತಿದ್ದೆ.

ಅರವತ್ತೆರಡನೇ ಇಸವಿಯಲ್ಲಿ ನಾವು ಐದು ಜನ ಸೇರಿ ಗುಹಾ ಶೋಧಕರ ಸಂಘ ಕಟ್ಟಿದೆವು. ಹಗ್ಗ ಕೊಳ್ಳುವ ಮೊದಲೇ ರಬ್ಬರ್ ಸ್ಟಾಂಪು ಮಾಡಿಸಿದೆವು; ನಾನು ಖಜಾಂಚಿ. ಅಟ್ಟೂರಿನಾಚೆಯ ಬಂಡೆಗುಡ್ಡದಲ್ಲಿ ಒಂದು ಗವಿ; ಮೂರಾಳುದ್ದ ಇಳಿದರೆ ಮುಂದೆಲ್ಲ ಮಣ್ಣು ತುಂಬಿಕೊಂಡಿತ್ತು. ಅದನ್ನು ಅಗೆದು ಒಳಗೇನಿದೆ ನೋಡಬೇಕೆಂಬ ಹುಚ್ಚು ನಮಗೆ. ಅದಕ್ಕೆ ಮೊದಲು ಚಪ್ಪರ ಹಾಕಬೇಕು, ರಾಟೆ ನಿಲ್ಲಿಸಬೇಕು, ಮಣ್ಣು ಎತ್ತುವ ಮಂಕರಿಗಳಿಗೆ ಹಗ್ಗ ಕಟ್ಟಬೇಕು. ಇದರಲ್ಲಿ ಒಂದೂ ನಮಗೆ ಬಾರದು. ಕಾರ್ಯದರ್ಶಿ ಚನ್ನಕೇಶವ ಮುನಿಯಣ್ಣನನ್ನು ಕರೆತಂದ.

ಅವನು ಬಂದವನೇ ನಾನು ನೆಟ್ಟಿದ್ದ ಚಪ್ಪರದ ಕಂಬವನ್ನು ಎರಡು ಬೆರಳಲ್ಲಿ ಅಲ್ಲಾಡಿಸಿದ.

"ಇದೇನ್ ಸೋಮಿ, ಕಂಬಾನೋ ಊದಿನಕಡ್ಡೀನೋ?"

"ಕೆಳಗೆ ಬಂಡೆ ಇದೆ ಕಣಯ್ಯ."

"ಬಂಡೇನ ಬೈಬ್ಯಾಡಿ ಪಾಪ, ಅದು ಮೊದ್ಲಿಂದ ಅಲ್ಲೇ ಐತೆ."

ಮೂರು ಕಂಬಗಳನ್ನು ಅವನೇ ನೆಟ್ಟ. ನಾಲ್ಕನೆಯದನ್ನು ನಾನೇ ಮತ್ತೆ ನೆಡುತ್ತೇನೆಂದು ಹಠ ಹಿಡಿದೆ. ನಕ್ಕು ಬಿಟ್ಟುಕೊಟ್ಟ.

ಮಧ್ಯಾಹ್ನ ಮುದ್ದೆ ತಂದ ಅವನ ಹೆಂಡತಿ ಲಕ್ಕಮ್ಮ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. ಆರು ವರ್ಷದ ಹಿಂದೆ, ಮೇಲೆ ಹಗ್ಗ ಹಿಡಿದವನು ಬೀಡಿ ಹಚ್ಚಲು ಹೋದಾಗ, ಮುನಿಯಣ್ಣನ ತಮ್ಮ ನರಸಯ್ಯ ಬಾವಿಗೆ ಬಿದ್ದು ಸತ್ತ. ಅಂದಿನಿಂದ ಮುನಿಯಣ್ಣ ಬಾವಿಗೆ ಇಳಿದಿಲ್ಲ. ಇಟ್ಟಿಗೆ ಗೂಡಿನಲ್ಲಿ ಮಣ್ಣು ಹೊರುತ್ತಾನೆ. ಈಗ ರಾಜಾನುಕುಂಟೆಯ ಮುನಿಕೃಷ್ಣಪ್ಪನವರು ದ್ರಾಕ್ಷಿ ತೋಟಕ್ಕೆ ಬಾವಿ ತೋಡು ಬಾ ಎಂದು ಕರೆಯುತ್ತಿದ್ದಾರೆ.

"ಈ ಗವೀಗ್ ಇಳಿದ್ರೆ ಆ ಬಾವೀಗೂ ಇಳೀತಾನೆ. ಇಲ್ದಿದ್ರೆ ಜಲ್ಮಕ್ಕೂ ಇಲ್ಲ. ಒಸಿ ನೋಡ್ಕಳಿ ಸೋಮಿ."

ಮುಂದಿನ ಭಾನುವಾರ ಇಳಿಯುವ ದಿನ ಬಂತು. ಗವಿಯೊಳಗೆ ಸಡಿಲವಾಗಿ ನೇತಾಡುತ್ತಿದ್ದ ಕಲ್ಲೊಂದನ್ನು ಕೆಡವದೆ ಅಗೆಯುವಂತಿರಲಿಲ್ಲ. ಮುನಿಯಣ್ಣ ಮೊದಲು ಲಾಟೀನು ಇಳಿಬಿಟ್ಟ. ದೀಪ ಆರಲಿಲ್ಲ, ಒಳಗಿನ ಗಾಳಿ ಸರಿಯಿದೆ ಎಂದ. ಆಮೇಲೆ ನಮ್ಮೈವರನ್ನೂ ಒಬ್ಬೊಬ್ಬರಾಗಿ ನೋಡಿದ. ಬಾವಿ ತೋಡುವವರಲ್ಲಿ ಹಗ್ಗ ಎಳೆಯಲು ಯಾರು ಬೇಕಾದರೂ ಸೇರಬಹುದು, ಆದರೆ ಹಗ್ಗದ ತುದಿ ಹಿಡಿಯುವವನನ್ನು ಇಳಿಯುವವನೇ ಆರಿಸಬೇಕು. ಅವನು ನನ್ನತ್ತ ಕೈ ತೋರಿಸಿದ.

"ಇವನಾ? ಪೆನ್ಸಿಲ್ ಹಿಡಿದ್ರೇ ಕೈ ನಡುಗುತ್ತೆ ಗುರು ಇವನಿಗೆ!" ಎಂದ ಚನ್ನಕೇಶವ.

"ಎದ್ರೋರೇ ಬೇಕು ಸೋಮಿ. ಧೈರ್ಯಸ್ಥ ಬಿಟ್ಟೋಗ್ತಾನೆ." ತುದಿಯನ್ನು ನನ್ನ ಸೊಂಟಕ್ಕೆ ತಾನೇ ಕಟ್ಟಿದ. "ಎಲ್ಡು ಕಿತ ಜಗ್ಗಿದ್ರೆ ಎಲ್ರನ್ನೂ ಕರೀರಿ, ಎಳೀರಿ. ಯಾರ್ ಕೂಗಿದ್ರೂ ತಿರುಗ್ಬ್ಯಾಡಿ."

ಇಳಿದ. ಕೆಳಗಿಂದ ಹಾರೆಯ ಸದ್ದು ಕೇಳತೊಡಗಿತು. ಅಷ್ಟರಲ್ಲಿ ಯಶವಂತಪುರದಿಂದ ಚನ್ನಕೇಶವನ ಸ್ನೇಹಿತ ಕ್ಯಾಮೆರಾ ತಗುಲಿಸಿಕೊಂಡು ಬಂದ.

"ಬಾರೋ, ಖಜಾಂಚಿ ಇಲ್ದೆ ಸಂಘದ ಪಟಾನಾ? ಒಂದೇ ನಿಮಿಷ ಕಣೋ!" ಎಂದು ಚನ್ನಕೇಶವ ನನ್ನನ್ನು ಕೂಗಿದ.

ಹಗ್ಗ ಬಿಚ್ಚಿ ಕಂಬಕ್ಕೆ ಕಟ್ಟಿದೆ. ಯಾವ ಕಂಬ ಎಂದು ಕೇಳಬೇಡಿ. ತಲೆ ಬಾಚಿಕೊಂಡು ಹೋಗಿ ನಡುವೆ ನಿಂತೆ.

ಎರಡನೆಯ ಪಟಕ್ಕೆ ಎದೆ ಸೆಟೆಸಿದಾಗ ಹಿಂದೆ ಸರಸರ ಸದ್ದಾಯಿತು. ನಾನು ಹಗ್ಗ ಕಟ್ಟಿದ್ದ ಕಂಬ ಕಿತ್ತುಬಂದು, ಅರ್ಧ ಚಪ್ಪರ ಗವಿಯ ಬಾಯಿಯನ್ನು ಮುಚ್ಚಿಕೊಂಡಿತ್ತು. ತೆಂಗಿನ ಗರಿಗಳನ್ನೆಲ್ಲ ಎಳೆದು ಬಿಸಾಕಿ ಕೂಗಿದೆವು. ಎಷ್ಟೋ ಹೊತ್ತಿನ ಮೇಲೆ, ಹಗ್ಗ ಮುಟ್ಟದೆ, ಬಂಡೆಯ ಬಿರುಕಿಗೆ ಬೆರಳು ಕೊಟ್ಟುಕೊಂಡು ಅವನು ಮೇಲೆ ಬಂದ. ಮಂಡಿ ತರಚಿತ್ತು. ನನ್ನ ಸೊಂಟ ನೋಡಿದ.

"ಪಟ ಚೆನ್ನಾಗ್ ಬಂತಾ ಸೋಮಿ?"

ಹಗ್ಗ ಸುತ್ತಿಕೊಂಡು ಹೆಗಲಿಗೇರಿಸಿದ. "ಕಲ್ಲು ಬಿದ್ದೈತೆ. ಇನ್ ನೀವು ಅಗೀಬೌದು."

ವಾರ ಬಿಟ್ಟು ಬಾಳೆಹಣ್ಣು ಹಿಡಿದುಕೊಂಡು ಅವನ ಮನೆಗೆ ಹೋದೆ. ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಡಿಸಿದ. ಬೈದಿದ್ದರೆ ಬೈಸಿಕೊಂಡು ಹಗುರಾಗಿ ಬರಬಹುದಿತ್ತು. ಅದಕ್ಕೂ ಅವಕಾಶ ಕೊಡಲಿಲ್ಲ.

"ಮುನಿಯಣ್ಣ, ಇನ್ನೊಂದು ಸಲ..."

"ಕಾಲೇ ಮುಂದಕ್ಕೋಗಾಕಿಲ್ಲ ಸೋಮಿ. ನಿಮ್ತಾವ ಸೈಕಲ್ ಐತಲ್ಲ, ಮುನಿಕೃಷ್ಣಪ್ಪೋರಿಗೆ ನಾನ್ ಬರಾಕಿಲ್ಲ ಅಂತ ಏಳ್ಬಿಡಿ."

ಲಕ್ಕಮ್ಮ ನನ್ನ ಮುಖ ನೋಡದೆ ಒಳಗೆ ಹೋದಳು.

ರಾಜಾನುಕುಂಟೆಗೆ ಹೋಗಿ ಹೇಳಿದೆ. ಮುನಿಕೃಷ್ಣಪ್ಪನವರು ಹಾರೆ ಊರಿಕೊಂಡು ನಿಂತರು.

"ಯಾಕಂತೆ? ಅಂಥ ಕೈ ಈ ಸೀಮೇಲಿ ಇನ್ನೊಂದಿಲ್ಲ ಕಣ್ರೀ. ಏನಾಯ್ತು ಅವನಿಗೆ?"

ಹೇಳಲೆಂದು ಬಾಯಿ ತೆರೆದೆ. ಬಂದದ್ದು ಬೇರೆಯೇ ಮಾತು.

"ವಯಸ್ಸಾಯ್ತೇನೋ."

"ಮೂವತ್ತೆಂಟಕ್ಕೇ?"

"ಕಷ್ಟದ ಕೆಲಸದವರಿಗೆ ಬೇಗ ಆಗುತ್ತೆ, ಸ್ವಾಮಿ" ಎಂದು ಸೈಕಲ್ ಹತ್ತಿದೆ.