ಹಸಿರು ಬಸ್ಸು ಬಾರದ ಶನಿವಾರ

ಶನಿವಾರ ಬೆಳಿಗ್ಗೆ ಏಳರ ಹೊತ್ತಿಗೆ ಮೂಡುಬಿದಿರೆಯ ಬಸ್ ನಿಲ್ದಾಣದಲ್ಲಿ ನಾರಾವಿಯ ಬಸ್ಸು ಹತ್ತಿದೆ. ಚೀಲದಲ್ಲಿ ನೀರಿನ ಬಾಟಲಿಯೂ ನಾನೇ ಬರೆದ ಒಂದು ನಕ್ಷೆಯೂ ಇದ್ದವು. ಉತ್ಸಾಹ ಇರಲಿಲ್ಲ. ಊರು ನೋಡುವ ಖುಷಿಗೆ ಹೊರಟವಳಲ್ಲ ನಾನು. ಸೋಮವಾರದೊಳಗೆ ಒಂದು ಐಡಿಯಾ ಸಿಗದಿದ್ದರೆ ಈ ವರ್ಷ ಕೈಬಿಟ್ಟು ಹೋಗುತ್ತಿತ್ತು, ಅದನ್ನು ಹುಡುಕಲು ಹೊರಟಿದ್ದೆ.

ಊರು ರಾಣೆಬೆನ್ನೂರು. ಮೂಡುಬಿದಿರೆಗೆ ಬಂದು ನಾಲ್ಕನೆಯ ವರ್ಷ. ಓದುವುದು ಗ್ರಾಫಿಕ್ ಡಿಸೈನ್. ಕೊನೆಯ ವರ್ಷದ ಪ್ರಾಜೆಕ್ಟಿಗೆ ಮೊದಲು ಬಸದಿಯ ಕಂಬಗಳ ಕೆತ್ತನೆಯಿಂದ ಸೀರೆಯ ಅಂಚು ಮಾಡುತ್ತೇನೆ ಎಂದೆ. ನಮ್ಮ ಗೈಡ್ ಮೇಡಂ, ಪ್ರತಿ ವರ್ಷವೂ ಇಬ್ಬರಾದರೂ ಆ ಕಂಬ ಹೊತ್ತುಕೊಂಡು ಬರುತ್ತಾರೆ ಎಂದರು. ಆಮೇಲೆ ಯಕ್ಷಗಾನದ ಕಿರೀಟಗಳ ವಾಟ್ಸಾಪ್ ಸ್ಟಿಕ್ಕರ್ ಎಂದೆ. ಅಂಥವು ಆಗಲೇ ಅವರ ಫೋನಿನಲ್ಲಿದ್ದವು. ಅಲ್ಲೇ ತೆಗೆದು ತೋರಿಸಿದರು. ಉಳಿದದ್ದು ಒಂದೇ ಸರದಿ. ಮೂರನೆಯದೂ ಬಿದ್ದರೆ ಮುಂದಿನ ಬ್ಯಾಚಿನೊಂದಿಗೆ ಕೂತು ಮತ್ತೆ ಮೊದಲಿಂದ. ವರ್ಷ ಹೋಗುವುದಕ್ಕಿಂತ ದೊಡ್ಡ ಭಯ ಬೇರೆಯಿತ್ತು: ನನಗೆ ಈ ಕೆಲಸ ಬರುವುದೇ ಇಲ್ಲವೇನೋ ಎಂಬುದು. ಬೇರೆಯವರಿಗೆ ಸ್ನಾನ ಮಾಡುವಾಗ ಹೊಳೆಯುವುದು ನನಗೆ ಮೂರು ತಿಂಗಳು ತಲೆ ಕೆಡಿಸಿಕೊಂಡರೂ ಹೊಳೆದಿರಲಿಲ್ಲ.

ಮೂರನೆಯ ಐಡಿಯಾ ಬಸ್ಸಿನದು. ಈ ಸೀಮೆಯಲ್ಲಿ ಓಡುವುದೆಲ್ಲ ಹೆಚ್ಚಾಗಿ ಖಾಸಗಿ ಬಸ್ಸು. ನಮ್ಮ ಕಡೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಇಲ್ಲಿ ಕೊಟ್ಟೇ ಹೋಗಬೇಕು. ನಾರಾವಿಗೆ ಮೂವತ್ತೈದು ರೂಪಾಯಿ ತೆಗೆದುಕೊಂಡರು. ಬಂದ ಹೊಸದರಲ್ಲಿ ಯಾವ ಬಸ್ಸು ಎಲ್ಲಿಗೆ ಹೋಗುತ್ತದೆಂದು ತಿಳಿಯದೆ ನಾನು ಪರದಾಡಿದ್ದೆ. ಹಾಗಾಗಿ ಊರಿಗೊಂದು ಪುಟ್ಟ ಚಿತ್ರ, ದಾರಿಗೊಂದು ನಕ್ಷೆ, ಎಲ್ಲ ನಿಲ್ದಾಣದಲ್ಲೂ ಹಚ್ಚುವುದು ಎಂದುಕೊಂಡೆ. ನಾರಾವಿ, ಬೆಳ್ತಂಗಡಿ, ಬಂಟ್ವಾಳ ಸುತ್ತಿ, ನಿಮ್ಮ ಊರಿಗೆ ಯಾವ ಚಿತ್ರ ಒಪ್ಪುತ್ತದೆ ಎಂದು ಜನರನ್ನೇ ಕೇಳಿ, ಸಂಜೆಗೆ ಸಿದ್ದಕಟ್ಟೆ ದಾರಿಯಾಗಿ ಮೂಡುಬಿದಿರೆಗೆ ಮರಳುವುದು ಯೋಜನೆ.

ಶಿರ್ತಾಡಿ ದಾಟುವ ಹೊತ್ತಿಗೇ ಸೆಕೆ ಶುರುವಾಗಿತ್ತು. ಮಾರ್ಚ್ ತಿಂಗಳು, ಕಿಟಕಿಯ ಗಾಳಿಯೂ ಬೆಚ್ಚಗಿತ್ತು. ನಾರಾವಿ ಪೇಟೆ ಸಣ್ಣದು. ಹೋಟೆಲಿನಲ್ಲಿ ಸಜ್ಜಿಗೆ ಬಜಿಲು ತಿಂದೆ, ಅಂದರೆ ಉಪ್ಪಿಟ್ಟಿನ ಜೊತೆ ಖಾರದ ಅವಲಕ್ಕಿ. ತಿಂದು ಹೊರಗೆ ಬಂದಾಗ ಗ್ಯಾಸ್ ಸಿಲಿಂಡರಿನ ಮೇಲೆ ಕೈಯಿಟ್ಟು ರಿಕ್ಷಾ ಕಾಯುತ್ತಿದ್ದ ಒಬ್ಬ ಹಿರಿಯರು ಸಿಕ್ಕರು. ನಕ್ಷೆ ಬಿಡಿಸಿ ತೋರಿಸಿ, ನಾರಾವಿಗೆ ಬಸದಿಯ ಚಿತ್ರ ಹಾಕಿದರೆ ಹೇಗೆ ಎಂದು ಕೇಳಿದೆ. ಅವರು ನಕ್ಷೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಮರ್ಯಾದೆಯಿಂದಲೇ ನೋಡಿದರು.

"ಚಿತ್ರ ಚಂದ ಉಂಟು," ಎಂದರು. "ಆದ್ರೆ ನಾರಾವಿಗೆ ಚಿತ್ರ ಯಾಕೆ ಮಗಾ? ನಾರಾವಿ ಬಂದಾಗ ಇಳಿದ್ರೆ ಆಯ್ತಲ್ಲ."

ನಾನು ನಕ್ಕೆ. ಅವರು ನಗಲಿಲ್ಲ, ನಿಜವಾಗಿಯೇ ಕೇಳಿದ್ದರು.

ಅಳದಂಗಡಿ, ಗುರುವಾಯನಕೆರೆ ದಾರಿಯಾಗಿ ಬೆಳ್ತಂಗಡಿ ತಲುಪಿದಾಗ ಹತ್ತೂವರೆ ದಾಟಿತ್ತು. ದಾರಿಯುದ್ದಕ್ಕೂ ನಾನು ಕಂಡಕ್ಟರನನ್ನೇ ನೋಡುತ್ತಿದ್ದೆ. ಈ ಕಡೆ ಬಸ್ಸಿನ ಹಣೆಯ ಬೋರ್ಡನ್ನು ಯಾರೂ ಓದುವುದಿಲ್ಲ. ಬಸ್ಸು ನಿಲ್ಲುವ ಮೊದಲೇ ಕಂಡಕ್ಟರ್ ಮೆಟ್ಟಿಲಿನಿಂದ ಅರ್ಧ ಹೊರಗೆ ಬಾಗಿ ಊರುಗಳ ಹೆಸರನ್ನು ಒಂದೇ ಉಸಿರಿನಲ್ಲಿ ಕೂಗುತ್ತಾನೆ. ಕಾಯುವವರಿಗೆ ತಮ್ಮ ಊರಿನ ಹೆಸರು ಕಿವಿಗೆ ಬಿದ್ದರೆ ಸಾಕು, ತಲೆ ಎತ್ತದೆ ಹತ್ತುತ್ತಾರೆ. ಕೇಳಿಸದಿದ್ದರೆ, ಇದು ಎಲ್ಲಿಗೆ ಎಂದು ಒಂದು ಮಾತು. ಉತ್ತರ ಬರುತ್ತದೆ, ಸೀಟಿಯೂ ಬೀಳುತ್ತದೆ. ಇಳಿಯುವಾಗ ನಾನು ಆ ಕಂಡಕ್ಟರನಿಗೆ ನಕ್ಷೆ ತೋರಿಸಿದೆ. "ಬೋರ್ಡನ್ನೇ ಯಾರೂ ನೋಡುದಿಲ್ಲ ಮಾರಾಯ್ತಿ, ಇನ್ನು ಇದನ್ನು ಯಾರು ನೋಡ್ತಾರೆ?" ಎಂದ. ಬೇಜಾರು ಮಾಡಬೇಕೆಂದು ಹೇಳಿದ್ದಲ್ಲ. ಬಸ್ಸು ಹೊರಡುವ ಮೊದಲು, ಚಾ ಕುಡಿದು ಹೋಗು ಎಂದೂ ಹೇಳಿದ.

ಆ ಚಾ ಕುಡಿದ ಹೋಟೆಲಿನ ಗೋಡೆ ದೊಡ್ಡದಾಗಿ ಖಾಲಿಯಿತ್ತು. ನಕ್ಷೆ ಇಲ್ಲಿ ಹಚ್ಚಬಹುದೇ ಎಂದು ಮಾಲೀಕರನ್ನು ಕೇಳಿದೆ. ಅವರಿಗೆ ಬಹಳ ಇಷ್ಟವಾಯಿತು. ಊರುಗಳನ್ನು ಸ್ವಲ್ಪ ಸಣ್ಣದು ಮಾಡಿ, ನಡುವೆ ತಮ್ಮಲ್ಲಿ ಕರಿಯುವ ಗೋಳಿಬಜೆಯ ಫೋಟೋ ಹಾಕಲು ಆಗುತ್ತದೆಯೇ ಎಂದು ವಿಚಾರಿಸಿದರು. ಆಗುತ್ತದೆ ಎಂದೆ. ಆ ಹೊತ್ತಿಗೆ ನನ್ನ ಐಡಿಯಾ ಸತ್ತಿತ್ತು. ಹೆಣದ ಮೇಲೆ ಗೋಳಿಬಜೆ ಇಟ್ಟರೇನು, ಹೂವಿಟ್ಟರೇನು. ಗೋಳಿಬಜೆ ಮಾತ್ರ ಬಿಸಿಯಾಗಿ ಚೆನ್ನಾಗಿತ್ತು. ಅಳು ಬರುವಾಗಲೂ ಹಸಿವಾಗುತ್ತದೆ ಎಂಬುದಕ್ಕೆ ನನಗೇ ನಾಚಿಕೆಯಾಯಿತು.

ಪುಂಜಾಲಕಟ್ಟೆಯ ತಿರುವುಗಳನ್ನು ದಾಟಿ ಬಂಟ್ವಾಳದ ಬಿ.ಸಿ. ರೋಡಿಗೆ ಬಂದಾಗ ಹನ್ನೆರಡೂಕಾಲು. ಮೇಲೆ ಹೆದ್ದಾರಿಯ ಸೇತುವೆ, ಕೆಳಗೆ ಧೂಳು, ಮಂಗಳೂರು, ಪುತ್ತೂರು, ಧರ್ಮಸ್ಥಳ ಎಂದು ಎಲ್ಲ ಕಡೆಯಿಂದಲೂ ಕೂಗು. ಇನ್ನು ಯಾರನ್ನೂ ಏನೂ ಕೇಳುವ ಮನಸ್ಸಿರಲಿಲ್ಲ. ಮೂಡುಬಿದಿರೆಗೆ ಹೋಗಿ ಮಲಗಿಬಿಡೋಣ ಎಂದು ನೆರಳಿನಲ್ಲಿದ್ದ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಅರವತ್ತರ ಆಸುಪಾಸಿನ ಒಬ್ಬ ಹೆಂಗಸು ಕೂತಿದ್ದರು. ಬಿಳಿ ಸೀರೆ, ಮಡಿಲಲ್ಲಿ ಬಟ್ಟೆಯ ಚೀಲ. ಒಂದೊಂದು ಬಸ್ಸು ಬಂದಾಗಲೂ ಎದ್ದು ನಿಂತು, ಅದನ್ನು ಮೇಲಿಂದ ಕೆಳಗೆ ನೋಡಿ, ಮತ್ತೆ ಕೂರುತ್ತಿದ್ದರು.

ಅಷ್ಟರಲ್ಲಿ ಒಂದು ಬಸ್ಸು ಬಂತು. ನಾನು ಕೂತಲ್ಲಿಂದಲೇ ಬೆರಗಾದೆ. ಇಡೀ ಬಸ್ಸಿಗೆ ಒಡವೆ ಅಂಗಡಿಯೊಂದರ ಜಾಹೀರಾತಿನ ಸ್ಟಿಕ್ಕರ್ ಸುತ್ತಿದ್ದರು. ಹಿಂದಿನ ಚಕ್ರದಿಂದ ಹೊರಟ ಚಿನ್ನದ ಸರ ಕಿಟಕಿಗಳ ಮೇಲೂ ಹರಿದು, ಬಾಗಿಲಿನ ಹತ್ತಿರ ಬಾಗಿ, ಮುಂದೆ ಮದುಮಗಳ ಕತ್ತಿಗೆ ಬಂದು ಸೇರುತ್ತಿತ್ತು. ಹಿನ್ನೆಲೆಯ ಬಣ್ಣ ಕಡು ಕೆಂಪು. ಎಲ್ಲೂ ಒಂದು ಗೆರೆ ಹೆಚ್ಚಿರಲಿಲ್ಲ. ಇಂಥದೊಂದು ನನ್ನ ತಲೆಗೆ ಯಾವತ್ತಾದರೂ ಹೊಳೆದೀತೇ ಎಂದುಕೊಳ್ಳುತ್ತ ಫೋನು ತೆಗೆದು, ಬಗ್ಗಿ, ಹಿಂದೆ ಸರಿದು ಫೋಟೋ ಹಿಡಿದೆ. ಕಂಡಕ್ಟರ್ ಏನೋ ಕೂಗುತ್ತಿದ್ದ. ಕಿವಿಗೆ ಬೀಳುತ್ತಿತ್ತು, ತಲೆಗೆ ಹೋಗಲಿಲ್ಲ. ಪಕ್ಕದ ಹೆಂಗಸು ಎದ್ದು, ನೋಡಿ, ಕೂತರು. ಬಸ್ಸು ಹೋಯಿತು.

ಆಮೇಲೆ ಅವರು ನನ್ನೆಡೆಗೆ ತಿರುಗಿ ತುಳುವಿನಲ್ಲಿ ಏನೋ ಕೇಳಿದರು. ದನಿ ಬಹಳ ಜೋರಾಗಿತ್ತು, ಜನ ತಿರುಗಿ ನೋಡಿದರು. ತುಳು ಬರುವುದಿಲ್ಲ ಎಂದು ಕೈ ಆಡಿಸಿದೆ. ಅವರು ಕನ್ನಡಕ್ಕೆ ಹೊರಳಿ, ಒಂದೊಂದೇ ಮಾತನ್ನು ಇಟ್ಟ ಹಾಗೆ ಹೇಳಿದರು: "ಸಿದ್ದಕಟ್ಟೆಗೆ ಹೋಗುವ ಹಸಿರು ಬಸ್ಸು ಈಗ ಇಲ್ಲವಾ? ನನಗೆ ಕಿವಿ ಕೇಳುದಿಲ್ಲ. ನೀವು ಹೇಳಿದ್ದು ಗೊತ್ತಾಗುದಿಲ್ಲ, ತಲೆ ಆಡಿಸಿ ಸಾಕು."

ಹೌದೆಂದು ಆಡಿಸುವುದೋ ಇಲ್ಲವೆಂದೋ ನನಗೆ ತಿಳಿಯಲಿಲ್ಲ. ಫೋನಿನಲ್ಲಿ ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿ ತೋರಿಸುತ್ತ ಹೋದೆ, ಅವರು ಕಣ್ಣು ಕಿರಿದು ಮಾಡಿ ಓದಿ ಬಾಯಲ್ಲಿ ಉತ್ತರ ಕೊಟ್ಟರು. ಹೆಸರು ಗಿರಿಜಕ್ಕ. ಮನೆ ಫರಂಗಿಪೇಟೆಯಲ್ಲಿ. ಮಗ ಕುವೈತಿನಲ್ಲಿ, ಸೊಸೆ ಹೆರಿಗೆಗೆ ತವರಿಗೆ ಹೋಗಿದ್ದಾಳೆ. ಸಿದ್ದಕಟ್ಟೆಯ ಹತ್ತಿರ ಅವರ ಅಣ್ಣನ ಮನೆ. ಅಣ್ಣ ತೀರಿಕೊಂಡಿದ್ದರು, ಇವತ್ತು ಬೊಜ್ಜ, ಅಂದರೆ ಸತ್ತವರಿಗೆ ಎಲೆ ಬಡಿಸುವ ಉತ್ತರಕ್ರಿಯೆ. ತಂಗಿಯೆಂದು ಉಳಿದವರು ಇವರೊಬ್ಬರೇ. ಕಾರು ಕಳಿಸುತ್ತೇವೆ ಎಂದು ಅಲ್ಲಿಯವರು ಹೇಳಿದ್ದರಂತೆ. ಕ್ರಿಯೆಯ ಗಡಿಬಿಡಿಯಲ್ಲಿ ಅವರಿಗೇಕೆ ತೊಂದರೆ, ಗೊತ್ತಿರುವ ಬಸ್ಸಿದೆಯಲ್ಲ ಎಂದು ಇವರೇ ಬೇಡವೆಂದಿದ್ದರು. ಬೆಳಿಗ್ಗೆ ಒಂಬತ್ತಕ್ಕೇ ಬಂದು ಇಲ್ಲಿ ಕೂತಿದ್ದರು.

"ಅಣ್ಣನೇ ಹೇಳಿ ಕೊಟ್ಟದ್ದು," ಎಂದರು. "ಬೋರ್ಡು ಓದುವಷ್ಟರಲ್ಲಿ ಸೀಟಿ ಊದ್ತಾರೆ, ನನ್ನ ಕಣ್ಣಿಗೂ ಪೊರೆ ಬಂದಿದೆ. ಹಸಿರು ಬಸ್ಸು ನೋಡಿ ಹತ್ತು, ಅದು ಮನೆ ಎದುರೇ ನಿಲ್ತದೆ ಅಂತ. ಬೇರೆ ಬಸ್ಸು ಅಲ್ಲಿ ನಿಲ್ಲುದಿಲ್ಲ."

ಜನರನ್ನು ಕೇಳಲಿಲ್ಲವೇ ಎಂದು ಟೈಪ್ ಮಾಡಿದೆ. ಕೇಳಿದ್ದರು. ಒಬ್ಬರು ಏನೋ ಹೇಳಿ ಪುತ್ತೂರಿನ ಬಸ್ಸು ನಿಲ್ಲುವ ಕಡೆ ಕೈ ತೋರಿಸಿದ್ದರಿಂದ ಬಿಸಿಲಿನಲ್ಲಿ ಅಲ್ಲಿಗೆ ಹೋಗಿ ಮರಳಿ ಬಂದಿದ್ದರು. ಸ್ಟಿಕ್ಕರ್ ಸುತ್ತಿದ ಆ ಬಸ್ಸಿನ ಅಡಿಯ ಬಣ್ಣ ಯಾವುದಿತ್ತು ಎಂಬ ಅನುಮಾನ ಆಗ ಬಂತು. ಈಗ ಹಿಡಿದ ಫೋಟೋ ತೆಗೆದು ಎರಡು ಬೆರಳಿನಲ್ಲಿ ದೊಡ್ಡದು ಮಾಡಿದೆ. ಮದುಮಗಳ ಗಲ್ಲದ ಪಕ್ಕ, ಮುಂದಿನ ಗಾಜಿನ ಮೂಲೆಯಲ್ಲಿ ಅಂಗೈಯಷ್ಟು ಬೋರ್ಡಿತ್ತು: ಬಿ.ಸಿ. ರೋಡು, ಸಿದ್ದಕಟ್ಟೆ, ಮೂಡುಬಿದಿರೆ. ಸ್ಟಿಕ್ಕರ್ ಮುಗಿಯುವ ಚಕ್ರದ ಅಂಚಿನಲ್ಲಿ ಹಳೆಯ ಹಸಿರು ಬಣ್ಣ ಒಂದು ಬೆರಳಿನಷ್ಟು ಇಣುಕುತ್ತಿತ್ತು.

ಅವರ ಬಸ್ಸು ಅದೇ. ನನ್ನ ಬಸ್ಸೂ ಅದೇ. ಎರಡು ಕಿವಿ, ಎರಡು ಕಣ್ಣು ಸರಿಯಿದ್ದು, ನಾಲ್ಕು ವರ್ಷ ನೋಡುವುದನ್ನೇ ಓದಿದ ನಾನು, ಅದರ ಎದುರು ಬಗ್ಗಿ ಫೋಟೋ ಹಿಡಿಯುತ್ತ ಅದನ್ನು ಬಿಟ್ಟಿದ್ದೆ. ಒಂದು ಮಾತು ಕೇಳಿದ್ದರೆ ಸಾಕಿತ್ತು. ಗಿರಿಜಕ್ಕ ಫೋಟೋವನ್ನು ಬಹಳ ಹೊತ್ತು ನೋಡಿದರು. ಬೆಳಿಗ್ಗೆಯೂ ಇದು ಒಮ್ಮೆ ಬಂದಿತ್ತು, ಯಾವುದೋ ಮದುವೆಯ ಬಸ್ಸು ಎಂದುಕೊಂಡೆ ಎಂದರು.

ಮಧ್ಯಾಹ್ನ ಆ ದಾರಿಯಲ್ಲಿ ಬಸ್ಸು ಕಡಿಮೆ. ಅವರು ಒಮ್ಮೊಮ್ಮೆ ನನ್ನ ಕೈಗಡಿಯಾರದ ಕಡೆ ನೋಡುತ್ತಿದ್ದರು. ನಾನು ಕೈ ಮಡಿಲೊಳಗೆ ಇಟ್ಟುಕೊಂಡೆ. ಒಂದೂವರೆಯ ಮೇಲೆ ನೀಲಿ ಬಸ್ಸೊಂದು ಮೂಡುಬಿದಿರೆ ಎಂದು ಕೂಗುತ್ತ ಬಂತು. ಕಂಡಕ್ಟರನಿಗೆ ವಿಷಯ ಹೇಳಿದೆ. "ಬೊಜ್ಜಕ್ಕಾ? ನಿಲ್ಸುವ, ಹತ್ತಿ," ಎಂದ. ಅವರನ್ನು ಕಿಟಕಿಗೆ ಕೂರಿಸಿ ಪಕ್ಕದಲ್ಲಿ ಕೂತೆ.

ಬಂಟ್ವಾಳ ಪೇಟೆ ದಾಟಿದ ಮೇಲೆ, ನೀನು ಏನು ಓದುವುದು ಎಂದು ಕೇಳಿದರು. ಇಂಥ ಚಿತ್ರಗಳನ್ನು ಮಾಡುವ ಓದು ಎಂದು ಟೈಪ್ ಮಾಡಿ, ಆ ಬಸ್ಸಿನ ಫೋಟೋ ತೋರಿಸಿದೆ. ಬಸ್ಸಿನ ಮೇಲಿನದು ನೀನು ಮಾಡಿದ್ದಾ ಎಂದು ಕೇಳಿದರು. ಅಲ್ಲ ಎಂದು ತಲೆ ಆಡಿಸಿದೆ. ನಿಜವೇ ಅದು, ಆದರೂ ಸುಳ್ಳು ಹೇಳಿದ ಹಾಗಾಯಿತು. ನನ್ನೊಳಗಿನ ವಿದ್ಯಾರ್ಥಿನಿಗೆ ಆ ಹೊತ್ತಿನಲ್ಲೂ ನಾಚಿಕೆಯಿರಲಿಲ್ಲ. ಕೊನೆಗೂ ಒಂದು ನಿಜವಾದ ತೊಂದರೆ ಸಿಕ್ಕಿತು, ಇದರ ಮೇಲೆ ಪ್ರಾಜೆಕ್ಟ್ ಮಾಡಬಹುದು ಎಂದು ಅವಳು ಕುಣಿಯುತ್ತಿದ್ದಳು. ಟೈಪ್ ಮಾಡಿದೆ: ನಿಮಗೆ ಗೊತ್ತಾಗುವ ಹಾಗೆ ಬಸ್ಸಿನ ಮೇಲೆ ಏನು ಬರೆಯಬೇಕು? ಎಂಥ ಚಿತ್ರ ಹಾಕಬೇಕು?

ಗಿರಿಜಕ್ಕ ಓದಿದರು. ಫೋನನ್ನು ನನ್ನ ಕೈಗೆ ಕೊಟ್ಟರು.

"ಎಂತದೂ ಬೇಡ," ಎಂದರು. ಅವರಿಗೆ ತಿಳಿಯದು, ಇಡೀ ಬಸ್ಸಿಗೆ ಕೇಳಿಸುತ್ತಿತ್ತು. "ಹಸಿರು ಇತ್ತಲ್ಲ. ಅದನ್ನು ಹಾಗೇ ಬಿಡ್ಲಿಕ್ಕೆ ಹೇಳು ನಿಮ್ಮವರಿಗೆ."

ಈ ಸುತ್ತಾಟದಲ್ಲಿ ನನಗೆ ಸಿಕ್ಕಿದ ಒಂದೇ ಸರಿಯಾದ ಮಾತು ಅದು. ಸೋಮವಾರ ಅದನ್ನು ಮೇಡಂ ಎದುರು ಇಡಲು ಬರುವುದಿಲ್ಲ. ಏನೂ ಮಾಡದೆ ಬಿಡುವುದಕ್ಕೆ ಯಾವ ಕಾಲೇಜಿನಲ್ಲೂ ಅಂಕವಿಲ್ಲ. ಮುಂದೆ ಸಂಬಳವೂ ಇರುವುದಿಲ್ಲ.

ಸಿದ್ದಕಟ್ಟೆಗೆ ಸ್ವಲ್ಪ ಮೊದಲು ಅವರೇ ಕೈ ತೋರಿಸಿದರು. ರಸ್ತೆ ಬದಿಯ ಮನೆಯಂಗಳದಲ್ಲಿ ಶಾಮಿಯಾನದ ಬಟ್ಟೆ ಬಿಚ್ಚುತ್ತಿದ್ದರು. ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿ ಟೆಂಪೋಗೆ ಏರಿಸುತ್ತಿದ್ದರು. ಊಟವಾದ ಎಲೆಗಳ ರಾಶಿ ಬೇಲಿಯ ಆಚೆ ಇತ್ತು. ಗಿರಿಜಕ್ಕ ಮೆಟ್ಟಿಲಿನ ಮೇಲೆ ನಿಂತು ಅದನ್ನೆಲ್ಲ ನೋಡಿದರು. "ಅಣ್ಣನಿಗೆ ಎಲೆ ಬಡಿಸಿ ಆಗಿದೆ," ಎಂದರು, ಈ ಸಲ ದನಿ ಏರಲಿಲ್ಲ. ಆಮೇಲೆ ಸೀರೆಯ ಸೆರಗು ಸರಿ ಮಾಡಿಕೊಂಡು ಇಳಿದರು. ಬಿಳಿ ಪಂಚೆಯ ಗಂಡಸೊಬ್ಬರು ಎದುರು ಬಂದು ಕೈ ಮಾಡಿ ಏನೋ ಕೇಳುತ್ತಿದ್ದರು, ಇಷ್ಟು ಹೊತ್ತು ಎಲ್ಲಿ ಎಂದೇ ಇರಬೇಕು. ಗಿರಿಜಕ್ಕ ಚೀಲದಿಂದ ಬಾಳೆಲೆಯಲ್ಲಿ ಸುತ್ತಿದ ಹೂವು ತೆಗೆದು ಹಿಡಿದುಕೊಂಡು ನಿಂತರು. ಸೀಟಿ ಬಿತ್ತು.

ಮೂರರ ಸುಮಾರಿಗೆ ಮೂಡುಬಿದಿರೆಯಲ್ಲಿ ಇಳಿದೆ. ನಿಲ್ದಾಣದ ತುಂಬ ವಾರದ ರಜೆಗೆ ಊರಿಗೆ ಹೊರಟ ವಿದ್ಯಾರ್ಥಿಗಳು. ಅಲ್ಲೇ ಕಟ್ಟೆಯ ಮೇಲೆ ಕೂತು, ಮೊದಲು ಈ ಫೋಟೋ ತೆಗೆದುಹಾಕಬೇಕು ಎಂದು ಫೋನು ತೆರೆದೆ. ಚಿನ್ನದ ಸರ ಚಕ್ರದಿಂದ ಹೊರಟು, ಕಿಟಕಿಗಳ ಮೇಲೆ ಹರಿದು, ಬಾಗಿಲಿನಲ್ಲಿ ಬಾಗಿತ್ತು. ಅಂಚಿನಲ್ಲಿ, ಬೆಂಚಿನಿಂದ ಅರ್ಧ ಎದ್ದ ಬಿಳಿ ಸೀರೆಯ ಒಂದು ತುಂಡು ಕಾಣುತ್ತಿತ್ತು. ಅಳಿಸುವ ಗುರುತಿನ ಮೇಲೆ ಬೆರಳಿಟ್ಟೆ. ಬೆರಳು ಒತ್ತಲಿಲ್ಲ. ಈಗಲೂ ಆ ಬಸ್ಸು ನನಗೆ ಚೆಂದವಾಗಿಯೇ ಕಾಣುತ್ತಿತ್ತು.